ಫಿರಂಗ್ಯಾರ ಮನೆಯ ಶಜರಾ

ನಮ್ಮ ಮನೆತನಕ್ಕೆ ಒಂದೇ ಹೆಸರಿಲ್ಲ. ಕೊಪ್ಪಳದ ಹಳೆಯ ಓಣಿಯಲ್ಲಿ ಕೇಳಿದರೆ 'ಫಿರಂಗ್ಯಾರ ಮನಿ' ಎನ್ನುತ್ತಾರೆ. ಗಂಗಾವತಿಯ ಬೀಗರಿಗೆ ನಾವು 'ಕಿಲ್ಲೇದವರು'. ಕುಷ್ಟಗಿಯ ಸಂತೆಯಲ್ಲಿ ನಮ್ಮ ತಾಯಾ ಅಬ್ಬಾ 'ತೋಪಿನ ಸಾಬರು' ಎಂದೇ ಪರಿಚಿತರು. ಯಲಬುರ್ಗಾದಲ್ಲಿ ಓದಿದ ನಮ್ಮ ಅಬ್ಬಾನ ಶಾಲಾ ದಾಖಲೆಯಲ್ಲಿ ಅಡ್ಡಹೆಸರು 'ಗೋಲಂದಾಜ' ಎಂದಿದೆ. ಹೆಸರು ನಾಲ್ಕಾದರೂ ಹಿಂದಿರುವ ಕತೆ ಒಂದೇ. ನಮ್ಮ ಹಿರೀಕರಲ್ಲಿ ಒಬ್ಬ ಫ್ರಾನ್ಸ್ ದೇಶದವನು, ಟಿಪ್ಪು ಸುಲ್ತಾನರ ಕಾಲದಲ್ಲಿ ಕೊಪ್ಪಳದ ಕೋಟೆಗೆ ತೋಪಿನ ಕೆಲಸಕ್ಕೆ ಬಂದ, ಕಲಿಮಾ ಓದಿ ಇಲ್ಲಿಯ ಹೆಣ್ಣನ್ನು ನಿಕಾಹ್ ಮಾಡಿಕೊಂಡ, ಇಲ್ಲೇ ಮಣ್ಣಾದ.

ದಾದಿ ಇದನ್ನು ಹೇಳುವಾಗ ಪ್ರತಿ ಮಾತಿನ ಕೊನೆಗೂ 'ಕತೆ' ಎಂದು ಸೇರಿಸುತ್ತಿದ್ದರು. "ಹಮಾರೆ ಪರದಾದಾ ಕೆ ಪರದಾದಾ ಫರಂಗಿ ಥೆ ಕತೆ." ನಮ್ಮ ದಖನಿಯಲ್ಲಿ 'ಕತೆ' ಎಂದರೆ 'ಅಂತೆ'. ಕನ್ನಡದಲ್ಲಿ ಅದರ ಅರ್ಥ ಏನೆಂದು ಬೇರೆ ಹೇಳಬೇಕಿಲ್ಲ. ಎರಡು ಭಾಷೆಯಲ್ಲಿ ಓದಿದವರಿಗೆ ಇಂಥ ಸಣ್ಣಪುಟ್ಟ ಲಾಭಗಳಿರುತ್ತವೆ. ನಾವು 'ನಾವು' ಎಂದು ಬರೆಯುವುದೂ ಉರ್ದುವಿನ 'ಹಮ್' ನಾಲಿಗೆಯಲ್ಲಿ ಕೂತಿರುವುದರಿಂದಲೇ. ಓದುಗರು ದೊಡ್ಡಸ್ತಿಕೆಯೆಂದು ತಿಳಿಯಬಾರದು.

ಈ ಕತೆಯ ಬೆನ್ನು ಹತ್ತುವಂತೆ ಮಾಡಿದ್ದು ಒಂದು ಲಗ್ನಪತ್ರಿಕೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ ತನ್ನ ಹೆಸರನ್ನು 'ಡಿ ಗೋಲಂದಾಜ್' ಎಂದು ಅಚ್ಚು ಹಾಕಿಸಬೇಕೆಂದ. "ಫ್ರೆಂಚರೊಳಗ ದೊಡ್ಡ ಮನೆತನದವರು ಹಂಗ ಬರೀತಾರ ಚಾಚಾ" ಎಂದು ನಮಗೆ ತಿಳಿಹೇಳಿದ. ಹುಡುಗನ ಕಣ್ಣು ಬೂದು ಬಣ್ಣದವು. ನಮ್ಮಲ್ಲಿ ಆಗೊಮ್ಮೆ ಈಗೊಮ್ಮೆ ಇಂಥ ಬೆಕ್ಕಿನ ಕಣ್ಣಿನ ಕೂಸು ಹುಟ್ಟುತ್ತದೆ.

ಅದೇ ಕಣ್ಣು ಗಂಗಾವತಿಯಲ್ಲಿರುವ ನಮ್ಮ ಫುಪ್ಪುವಿಗೂ ಇವೆ. ಅವರಿಗೀಗ ಎಂಬತ್ತು ದಾಟಿದೆ. 1960ರ ಸುಮಾರಿಗೆ ಅವರಿಗೆ ಒಂದು ಒಳ್ಳೆಯ ಮನೆಯಿಂದ ಸಂಬಂಧ ಬಂದಿತ್ತು. ಮಂಗನಿ ಆಯಿತು, ಉಂಗುರ ಹಾಕಿದರು, ಸಕ್ಕರೆ ಹಂಚಿದರು. ಹದಿನೈದು ದಿನಕ್ಕೆ ಉಂಗುರ ವಾಪಸು ಕೇಳಿ ಜನ ಬಂದರು. "ನಿಮ್ಮದು ಫರಂಗಿ ಔಲಾದಂತೆ, ನಮ್ಮ ಖಾಂದಾನಿಗೆ ಸರಿಹೋಗುವುದಿಲ್ಲ" ಎಂದರು. ಆಮೇಲೆ ನಾಲ್ಕು ವರ್ಷ ಯಾರೂ ಬಾಗಿಲು ತಟ್ಟಲಿಲ್ಲ. ಕೊನೆಗೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಹೆಂಡತಿ ತೀರಿಕೊಂಡಿದ್ದ ಒಬ್ಬರಿಗೆ ಕೊಟ್ಟರು. ಒಳ್ಳೆಯ ಮನುಷ್ಯ. ಆದರೆ ಫುಪ್ಪುಗಿಂತ ಇಪ್ಪತ್ತು ವರ್ಷ ಹಿರಿಯರು, ಬೇಗ ತೀರಿಕೊಂಡರು.

ಪತ್ರಿಕೆಯ ವಿಷಯ ಕಿವಿಗೆ ಬಿದ್ದಾಗ ಫುಪ್ಪು ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: "ಉಸ್ ವಖತ್ ಖೂನ್ ಖರಾಬ್ ಥಾ. ಅಬ್ ಖೂನ್ ಕೀಮ್ತಿ ಹುವಾ ಕ್ಯಾ?" ಆಗ ಕೆಟ್ಟಿದ್ದ ರಕ್ತಕ್ಕೆ ಈಗ ಬೆಲೆ ಬಂತೇ ಎಂದು. ಉತ್ತರ ಕೊಡಲು ನಮ್ಮ ಹತ್ತಿರ ಮಾತಿರಲಿಲ್ಲ. ಒಬ್ಬರ ಬಾಳನ್ನೇ ತಿರುಗಿಸಿದ ರಕ್ತ ನಿಜವಾಗಿಯೂ ಮೈಯಲ್ಲಿತ್ತೇ ಎಂದಾದರೂ ನೋಡಬೇಕಲ್ಲ ಎನಿಸಿತು.

ಕೋಟೆಯ ಮಟ್ಟಿಗೆ ಕತೆಗೆ ಆಧಾರವಿದೆ. 1786ರಲ್ಲಿ ಟಿಪ್ಪು ಈ ಕೋಟೆಯನ್ನು ಒಬ್ಬ ಪಾಳೆಯಗಾರನಿಂದ ಪಡೆದು ಫ್ರೆಂಚ್ ಇಂಜಿನಿಯರುಗಳಿಂದ ಮತ್ತೆ ಕಟ್ಟಿಸಿದರೆಂದು ಗ್ಯಾಸೆಟಿಯರ್ ಹೇಳುತ್ತದೆ. 1790ರಲ್ಲಿ ನಿಜಾಮರ ಸೈನ್ಯವೂ ಇಂಗ್ಲಿಷರ ಪಡೆಯೂ ಸೇರಿ ಮುತ್ತಿದಾಗ ಆರು ತಿಂಗಳ ಕಾಲ ಕೋಟೆ ಬಗ್ಗಲಿಲ್ಲ. ಆ ಮುತ್ತಿಗೆಯಲ್ಲಿ ತರುಣ ಅಧಿಕಾರಿಯಾಗಿದ್ದ, ಮುಂದೆ ಮುಂಬಯಿಯ ಗವರ್ನರ್ ಆದ ಜಾನ್ ಮಾಲ್ಕಮ್, ಹಿಂದೂಸ್ಥಾನದಲ್ಲಿ ತಾನು ಕಂಡ ಎಲ್ಲಕ್ಕಿಂತ ಗಟ್ಟಿ ಜಾಗ ಇದೆಂದು ಬರೆದಿದ್ದಾನೆ. ಆದರೆ ಗ್ಯಾಸೆಟಿಯರಿನಲ್ಲಿ ಆ ಇಂಜಿನಿಯರುಗಳಿಗೆ ಹೆಸರಿಲ್ಲ. ಬರೀ ಫ್ರೆಂಚರು. ಕೊಪ್ಪಳದ ಬಂಡೆಗಳಿಗೆ ಇದು ಹಳೆಯ ಅಭ್ಯಾಸವೇನೋ. ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳೂ 'ದೇವಾನಾಂಪ್ರಿಯ' ಎನ್ನುತ್ತವೆಯೇ ಹೊರತು ಅಶೋಕನೆಂದು ಹೇಳುವುದಿಲ್ಲ. ಆ ಹೆಸರು ಹೇಳಿದ್ದು 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆ.

ಮನೆತನದ ನೆನಪು ಎಂಥದ್ದು ನೋಡಿ. ಇದೇ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಇಂಗ್ಲಿಷರ ಎದುರು ಹೋರಾಡಿ ಸತ್ತರು. ಅದು ದಾದಿಯ ದಾದಾ ಹುಟ್ಟಿದ ಆಸುಪಾಸಿನ ಮಾತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಒಂದು ಸೊಲ್ಲೂ ಇಲ್ಲ. ಅದಕ್ಕೆ ಎಪ್ಪತ್ತು ವರ್ಷ ಹಿಂದಿನ ಫರಂಗಿ ಮಾತ್ರ ಜೀವಂತ.

ನಮ್ಮ ಟ್ರಂಕಿನಲ್ಲಿ ಸಾಲಾರ್ ಜಂಗ್ ಜಾಗೀರಿನ ಕಾಲದ ಒಂದು ಉರ್ದು ರಸೀದಿ ಇದೆ. ಕೊಪ್ಪಳ, ಯಲಬುರ್ಗಾ ಆಗ ಅವರ ಜಾಗೀರು. ಅದರಲ್ಲಿ ನಮ್ಮ ಮನೆಯ ಗುರುತು 'ಮಕಾನ್-ಎ-ಫರಂಗಿ' ಎಂದಿದೆ. ಹುಡುಗ ಇದನ್ನು ಮೊಬೈಲಿನಲ್ಲಿ ತೆಗೆದುಕೊಂಡು ದೊಡ್ಡ ಪುರಾವೆ ಸಿಕ್ಕಿತೆಂದು ಕುಣಿದ. ನಮಗೆ ಮಾತ್ರ ಆ ರಸೀದಿಯನ್ನು ಓದುತ್ತ ಓದುತ್ತ ಬೇರೆಯೇ ಹೊಳೆಯಿತು.

'ಫಿರಂಗಿ' ಎಂದರೆ ಕನ್ನಡದಲ್ಲಿ ಏನು? ತೋಪು. ದಸರೆಯಲ್ಲಿ ಹಾರಿಸುವುದು. ಉರ್ದುವಿನಲ್ಲಿ 'ಫರಂಗಿ' ಎಂದರೆ ವಿಲಾಯತಿ ಮನುಷ್ಯ. ಮೂಲ ಒಂದೇ, ಫ್ರ್ಯಾಂಕ್ ಎಂಬ ಶಬ್ದ. ಅರಬ್ಬರು ಅದನ್ನು 'ಇಫ್ರಂಜ್' ಮಾಡಿದರು, ಪಾರಸಿಗರು 'ಫರಂಗ್' ಮಾಡಿದರು, ನಮ್ಮಲ್ಲಿಗೆ ಬರುವಷ್ಟರಲ್ಲಿ ಕಡಲಾಚೆಯಿಂದ ಬಂದುದಕ್ಕೆಲ್ಲ ಅದೇ ಹಣೆಪಟ್ಟಿ. ಹಣ್ಣು ಪರಂಗಿ ಹಣ್ಣಾಯಿತು, ರೋಗ ಪರಂಗಿ ರೋಗವಾಯಿತು, ಮಂಗಳೂರಿನ ಹತ್ತಿರ ಊರೇ ಫರಂಗಿಪೇಟೆಯಾಯಿತು, ತೋಪು ಫಿರಂಗಿಯಾಯಿತು. ಕೋಟೆಯಲ್ಲಿ ತೋಪು ಹಾರಿಸುವವರ ಮನೆಯನ್ನು ಓಣಿಯ ಕನ್ನಡಿಗರು 'ಫಿರಂಗ್ಯಾರ ಮನಿ' ಎಂದರು. ಕಂಬಾರರ ಮನಿ, ಹೂಗಾರರ ಮನಿ ಇದ್ದ ಹಾಗೆ. ಜಾಗೀರಿನ ಉರ್ದು ಗುಮಾಸ್ತ ಕೇಳಿಸಿಕೊಂಡದ್ದನ್ನು ಬರೆದುಕೊಂಡ, 'ಫರಂಗಿ'. ಯಲಬುರ್ಗಾದ ಮಾಸ್ತರರು ಎರಡೂ ಭಾಷೆ ಬಲ್ಲವರಿರಬೇಕು. ಅವರು ಶಬ್ದವನ್ನು ಬಿಟ್ಟು ಅರ್ಥ ಹಿಡಿದು 'ಗೋಲಂದಾಜ' ಎಂದು ಬರೆದರು. ಗೋಲಾ ಎಸೆಯುವವನು, ತೋಪಿನವನು. ನಮ್ಮ ಫ್ರೆಂಚ್ ಅಜ್ಜ ಹುಟ್ಟಿದ್ದು ಹೀಗೆ ಕನ್ನಡಕ್ಕೂ ಉರ್ದುವಿಗೂ ನಡುವಿನ ಜಾಗದಲ್ಲಿ ಎಂದು ನಮ್ಮ ಅನುಮಾನ.

ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಎಂದರೆ ತುರ್ಕರ ನಾಡಿನವನು. ತೋಪಿನ ವಿದ್ಯೆ ಯಾರಿಂದ ಬಂತೋ ಆ ನಾಡಿನ ಹೆಸರು ಆ ಕೆಲಸಕ್ಕೆ ಅಂಟಿಕೊಳ್ಳುತ್ತ ಬಂದಿದೆ. ಮನೆಗಳಿಗೂ ಹೀಗೆ ಅಂಟುತ್ತದೆ. ಲಖನೌದ ಫರಂಗಿ ಮಹಲ್ ಯಾರಿಗೆ ಗೊತ್ತಿಲ್ಲ? ಒಬ್ಬ ಐರೋಪ್ಯ ವ್ಯಾಪಾರಿ ಇದ್ದು ಬಿಟ್ಟುಹೋದ ಬಂಗಲೆಯನ್ನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಔರಂಗಜೇಬ್ ಮುಲ್ಲಾ ಕುತುಬುದ್ದೀನರ ಮಕ್ಕಳಿಗೆ ಕೊಟ್ಟ. ದರ್ಸೆ ನಿಜಾಮಿಯನ್ನು ರೂಪಿಸಿದ್ದು ಆ ಮನೆ. ಖಿಲಾಫತ್ ಚಳವಳಿಯ ಮೌಲಾನಾ ಅಬ್ದುಲ್ ಬಾರಿ ಅದೇ ಮನೆಯವರು. ಅಷ್ಟು ದೊಡ್ಡ ಉಲೇಮಾಗಳು ತಲೆತಲಾಂತರದಿಂದ 'ಫರಂಗಿ ಮಹಲಿ' ಎಂದೇ ಸಹಿ ಹಾಕಿದರು. ಅವರ ರಕ್ತವನ್ನು ಯಾರೂ ಕೇಳಲಿಲ್ಲ, ಅವರ ಹೆಣ್ಣುಮಕ್ಕಳ ಉಂಗುರವನ್ನು ಯಾರೂ ವಾಪಸು ಕೇಳಲಿಲ್ಲ. ಹೆಸರಿನ ಹಿಂದೆ ಇಲ್ಮ್ ಇದ್ದರೆ ಒಂದು ನ್ಯಾಯ, ಮದ್ದಿನ ಮಸಿ ಇದ್ದರೆ ಇನ್ನೊಂದು.

ಇಷ್ಟಾದರೂ ಹುಡುಗ ಒಪ್ಪಲಿಲ್ಲ. "ಮತ್ತ ಈ ಕಣ್ಣು ಚಾಚಾ?" ಎಂದ. ಅದಕ್ಕಾಗಿ ಫ್ರೆಂಚರ ಹೆಸರಿನ ರೀತಿಗಳನ್ನೂ ಓದಬೇಕಾಯಿತು. ಓದಿದಂತೆ ನಗು ಬಂತು, ಅಷ್ಟೊಂದು ನಮ್ಮ ಹಾಗೇ. ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ಸಂತರೊಬ್ಬರ ಹೆಸರಿಡುತ್ತಿದ್ದರು. ನಮ್ಮಲ್ಲಿ ದಾವಲಮಲಿಕರಿಗೆ ಹರಕೆ ಹೊತ್ತವರು ದಾವಲಸಾಬ, ಬಂದೇನವಾಜರಿಗೆ ಹೊತ್ತವರು ಬಂದೇನವಾಜ ಎಂದು ಇಡುವುದಿಲ್ಲವೆ? ಅಲ್ಲಿ ಹಿರಿಯ ಮಗನಿಗೆ ಅಜ್ಜನೇ ಧರ್ಮಪಿತನಾಗಿ ತನ್ನ ಹೆಸರು ಕೊಡುತ್ತಿದ್ದುದುಂಟು. ಇಲ್ಲಿಯೂ ಮೊಮ್ಮಗನಿಗೆ ಅಜ್ಜನ ಹೆಸರು. ಆಮೇಲೆ ಮಾವನ ಹೆಸರು ಹೇಳಲಾಗದ ಸೊಸೆ ತನ್ನ ಹೊಟ್ಟೆಯ ಕೂಸನ್ನೇ 'ಬಾಬಾ' ಎಂದು ಕರೆಯುತ್ತಾಳೆ. ನಮ್ಮ ಹಿಂದೂ ನೆರೆಮನೆಗಳಲ್ಲಿ 'ಅಜ್ಜಾ' ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಸಿಪಾಯಿಗಳ ವಿಷಯ ಇನ್ನೂ ಸ್ವಾರಸ್ಯ. ಹದಿನೆಂಟನೆಯ ಶತಮಾನದ ಫ್ರೆಂಚ್ ಸೈನ್ಯದಲ್ಲಿ ಸೇರಿದವನಿಗೆ ಒಂದು ಯುದ್ಧದ ಹೆಸರು ಕೊಡುವ ಪದ್ಧತಿಯಿತ್ತು. 1716ರಿಂದ ಸೈನ್ಯದ ದಫ್ತರುಗಳಲ್ಲಿ ಅದನ್ನೂ ಬರೆದಿಡುತ್ತಿದ್ದರು. ಒಬ್ಬ 'ಲಾ ಫ್ಲರ್', ಅಂದರೆ ಹೂವು. ಇನ್ನೊಬ್ಬ 'ಸಾನ್ ಸೂಸಿ', ಅಂದರೆ ಬೇಫಿಕೀರ. ನಮ್ಮ ಅಜ್ಜ ದಫ್ತರಿನಲ್ಲಿ ಸಿಕ್ಕರೂ ಹೂವಾಗಿ ಸಿಕ್ಕಬಹುದು! ಇನ್ನು ಹುಡುಗ ಬಯಸಿದ 'ಡಿ'. ಮಹಾದಜಿ ಸಿಂಧಿಯಾನ ಸೈನ್ಯ ಕಟ್ಟಿದ ಜನರಲ್ ಡಿ ಬ್ವಾನ್ ಸವಾಯ್ ಸೀಮೆಯ ತೊಗಲಿನ ವ್ಯಾಪಾರಿಯ ಮಗ. ಹುಟ್ಟಿದಾಗ ಅವನ ಹೆಸರು ಲೆಬಾರ್ನ್. ದೊಡ್ಡವನಾಗುತ್ತ ಹೆಸರನ್ನು ತಾನೇ ತಿದ್ದಿಕೊಂಡು 'ಡಿ' ಹಚ್ಚಿಕೊಂಡ. ಹೀಗೆ ನೋಡಿದರೆ ನಮ್ಮ ಹುಡುಗ ಮಾಡಹೊರಟದ್ದು ಪಕ್ಕಾ ಫ್ರೆಂಚ್ ರಿವಾಜೇ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಡಿ ಬ್ವಾನ್‌ನ ಹೆಂಡತಿ. ಲಖನೌದ ನೂರ್ ಬೇಗಂ. ಮಕ್ಕಳಿಬ್ಬರು, ಬಾನು ಮತ್ತು ಅಲಿ ಬಕ್ಷ್. 1796ರಲ್ಲಿ ಅವನು ಹಿಂದೂಸ್ಥಾನ ಬಿಟ್ಟು ಇಂಗ್ಲೆಂಡಿಗೆ ಕರೆದುಕೊಂಡು ಹೋದ ಮೇಲೆ ನೂರ್ ಬೇಗಂ 'ಹೆಲೆನ್' ಆದಳು, ಬಾನು 'ಅನ್ನಾ' ಆದಳು, ಅಲಿ ಬಕ್ಷ್ 'ಚಾರ್ಲ್ಸ್' ಆದ. ಅವನು 1798ರಲ್ಲಿ ಹದಿಹರೆಯದ ಒಬ್ಬ ಫ್ರೆಂಚ್ ಹುಡುಗಿಯನ್ನು ಮದುವೆಯಾದ. ಹೆಲೆನ್ ಸಸೆಕ್ಸ್ ಸೀಮೆಯ ಒಂದು ಹಳ್ಳಿಗಾಡಿನಲ್ಲಿ ಒಬ್ಬಳೇ ಬಾಳಿ 1853ರಲ್ಲಿ ತೀರಿಕೊಂಡಳು. ಇದೆಲ್ಲೋ ದೂರದ್ದು ಎನ್ನುವ ಹಾಗಿಲ್ಲ. ಅವಳ ಅಕ್ಕತಂಗಿಯರಲ್ಲಿ ಒಬ್ಬಳಾದ ಫೈಜ್ ಬಕ್ಷ್ ಬೇಗಂ ಇಂಗ್ಲಿಷ್ ಅಧಿಕಾರಿ ಪಾಮರ್‌ನ ಮಡದಿ. ಅವಳ ಮೊಮ್ಮಗಳನ್ನು ಮದುವೆಯಾದವನು ಮೆಡೋಸ್ ಟೇಲರ್. ಸುರಪುರದ ಆಡಳಿತ ನಡೆಸಿದ ನಮ್ಮ ಟೇಲರ್ ಸಾಹೇಬ. ಕುಷ್ಟಗಿಯಿಂದ ಸುರಪುರ ಎಷ್ಟು ದೂರ?

ಫ್ರೆಂಚ್ ಚರ್ಚಿನ ದಫ್ತರುಗಳಲ್ಲಿ ಮದುವೆಯಾದ ಹೆಂಗಸನ್ನು ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. ಹುಟ್ಟಿದಾಗ ದಾಖಲಾದ ಹೆಸರಲ್ಲದೆ ಬೇರೆ ಹೆಸರು ಯಾರೂ ಇಟ್ಟುಕೊಳ್ಳಕೂಡದೆಂದು 1794ರಲ್ಲಿ ಕಾನೂನೇ ಆಯಿತು. ನಮ್ಮ ನಿಕಾಹ್‌ನಾಮೆಯಲ್ಲೂ ಹೆಣ್ಣು 'ಬಿಂತೆ' ಇಂಥವರು, ತಂದೆಯ ಹೆಸರಿನವಳು. ಗಂಡನ ಹೆಸರು ಬಾಲದಂತೆ ಹಚ್ಚಿಕೊಳ್ಳಬೇಕೆಂದು ಶರೀಯತ್ತು ಹೇಳಿಲ್ಲ, ಕಚೇರಿಯ ಫಾರ್ಮು ಹೇಳುತ್ತದೆ. ಆದರೆ ತೋಪಿನವರ ಜೊತೆ ಬಾಳಿದ ಈ ನೆಲದ ಹೆಂಗಸರಿಗೆ ಎರಡೂ ಕಡೆಯ ನ್ಯಾಯ ಸಿಗಲಿಲ್ಲ. ಚರ್ಚಿಗೆ ಹೋದವಳು ಮರಿಯಾ ಆಗಿ ದಫ್ತರು ಸೇರಿದಳು. ಹೋಗದವಳು ಯಾವ ದಫ್ತರಿಗೂ ಸೇರಲಿಲ್ಲ.

ಪುದುಚೇರಿಯ ಆ ಹಳೆಯ ದಫ್ತರುಗಳ ಪ್ರತಿಗಳು ಈಗ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನ ವಸಾಹತು ಪತ್ರಾಗಾರದಲ್ಲಿವೆ. ಮನೆಯಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ನೋಡಬಹುದು. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಶಬ್ದ 'ತೋಪಾಸ್'. ಪೋರ್ಚುಗೀಸ್ ಹೆಸರು ಹೊತ್ತ, ಈ ನೆಲದ ಬಣ್ಣದ ಮಿಶ್ರ ಸಂತಾನದ ಸಿಪಾಯಿಗಳು. ಟೋಪಿ ಹಾಕುತ್ತಿದ್ದರು, ಅದಕ್ಕೆ ತೋಪಾಸ್ ಎಂದು ಕೆಲವರು. ತೋಪು ಹಾರಿಸುತ್ತಿದ್ದರು, ಅದಕ್ಕೆ ಎಂದು ಕೆಲವರು. 'ದುಭಾಷಿ'ಯಿಂದ ಬಂತು ಎಂದು ಮತ್ತೆ ಕೆಲವರು. ಮೂರೂ ಅರ್ಥ ನಮ್ಮ ಮನೆಗೆ ಹೊಂದುತ್ತದೆ! ಫ್ರೆಂಚ್ ಹೆಸರು ಬೇಕಾದರೆ ಫ್ರೆಂಚ್ ರಕ್ತವೂ ಬೇಕಿರಲಿಲ್ಲ. 1881ರ ಒಂದು ಆಜ್ಞೆಯ ಪ್ರಕಾರ ಪುದುಚೇರಿಯ ಜನ ತಮ್ಮ ಜಾತಿ ಧರ್ಮಗಳ ಕಾನೂನನ್ನು ಬಿಟ್ಟುಕೊಟ್ಟು ಫ್ರೆಂಚ್ ಕಾನೂನಿಗೆ ಒಳಗಾಗಬಹುದಿತ್ತು, ಜೊತೆಗೆ ಒಂದು ಅಡ್ಡಹೆಸರು ಆರಿಸಿಕೊಳ್ಳಬೇಕಿತ್ತು. ವಕೀಲ ಪೊನ್ನುತಂಬಿ ಪಿಳ್ಳೆ 'ಲಾ ಪೋರ್ತ್' ಎಂದು ಆರಿಸಿಕೊಂಡರು. ಅಂದರೆ ಬಾಗಿಲು.

ಇತ್ತ ಹೈದರಾಬಾದಿನಲ್ಲಿ ಉಲ್ಟಾ ನಡೆಯಿತು. ನಿಜಾಮರ ಸೇನಾಪತಿಯಾಗಿದ್ದ ಮುಸ್ಯೆ ರೇಮಂಡ್ 1798ರಲ್ಲಿ ಸತ್ತ. ಅವನನ್ನು ಮುಸಲ್ಮಾನರು 'ಮೂಸಾ ರಹೀಮ್' ಎಂದರು, ಹಿಂದೂಗಳು 'ಮೂಸಾ ರಾಮ್' ಎಂದರು. ಅವನ ಸಮಾಧಿಯಲ್ಲಿ ಬಹುಕಾಲ ಉರುಸು ನಡೆಯುತ್ತಿತ್ತು. ಮೂಸಾರಾಂಬಾಗ್ ಎಂಬ ಬಡಾವಣೆ ಇಂದಿಗೂ ಇದೆ. ಬಳ್ಳಾರಿಯಲ್ಲಿ ಇನ್ನೊಂದು ಕತೆ. ಹೈದರಾಲಿ ಅಲ್ಲಿಯ ಕೋಟೆಯನ್ನು ಒಬ್ಬ ಫ್ರೆಂಚ್ ಇಂಜಿನಿಯರನಿಂದ ಕಟ್ಟಿಸಿದರಂತೆ, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆಯೆಂದು ಆಮೇಲೆ ತಿಳಿದು ಅವನನ್ನು ಗಲ್ಲಿಗೇರಿಸಿದರಂತೆ. ಪೂರ್ವದ ಬಾಗಿಲ ಬಳಿಯ ಗೋರಿ ಅವನದೆಂದು ಕೆಲವರು ಹೇಳಿದರೆ, ಅದೊಬ್ಬ ಮುಸ್ಲಿಂ ಸಂತರದೆಂದು ನಂಬಿದವರೂ ಇದ್ದಾರೆ. ನಮ್ಮ ಜನ ಸತ್ತ ಫರಂಗಿಗೆ ಚಾದರ ಹೊದಿಸಲು ಹಿಂದೆಮುಂದೆ ನೋಡಲಿಲ್ಲ. ಬದುಕಿದ್ದ ನಮ್ಮ ಫುಪ್ಪುವಿನ ಮಾತು ಬಂದಾಗ ಮಾತ್ರ ರಕ್ತದ ಲೆಕ್ಕ ತೆಗೆದರು.

ನಮ್ಮ ಶಜರಾ ಒಂದು ದಪ್ಪ ಕಾಗದದ ಮೇಲೆ ಉರ್ದುವಿನಲ್ಲಿದೆ. ದಾದಾ ಬರೆದದ್ದು. ಮಗ, ಅವನ ತಂದೆ, ಅವನ ತಂದೆ ಎಂದು ಏಳು ತಲೆ ಮೇಲಕ್ಕೆ ಹೋಗಿ 'ಫರಂಗಿ ಸಾಹಬ್' ಎಂಬಲ್ಲಿ ನಿಲ್ಲುತ್ತದೆ. ಒಬ್ಬ ಹೆಂಗಸಿನ ಹೆಸರೂ ಇಲ್ಲ. ಗಂಡಸರ ಹೆಸರುಗಳಾದರೂ ನೆಟ್ಟಗಿವೆಯೇ ಎಂದರೆ ಅದೂ ಇಲ್ಲ. ಶಜರಾದಲ್ಲಿ ಒಂದು, ರಸೀದಿಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಹಿಂದೆ ಇದು ನಗುವ ಮಾತಾಗಿತ್ತು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ಪರಿಷ್ಕರಣೆಯಲ್ಲಿ 2003ರ ಪಟ್ಟಿಯ ಹೆಸರುಗಳನ್ನು ಹುಡುಕಿ ಜನ ಅಲೆದದ್ದನ್ನು ಓದಿದ ಮೇಲೆ ನಮ್ಮ ಅಣ್ಣ ಆ ಮೂರೂ ಕಾಗದಗಳನ್ನು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದಾನೆ.

ಶಜರಾವನ್ನು ಗಂಗಾವತಿಗೆ ಒಯ್ದು ಫುಪ್ಪುವಿನ ಮುಂದೆ ಹರಡಿದೆವು. ಹೆಂಗಸರ ಹೆಸರು ಹೇಳಿ ಎಂದೆವು. ಅವರು ನಕ್ಕರು. "ಸೊಸೆಯಾಗಿ ಬಂದವಳಿಗೆ ಎಲ್ಲಿಯ ಹೆಸರು ಬಾವಾ" ಎಂದರು. ನಿಜ. ನಮ್ಮಲ್ಲಿ ಸೊಸೆಯನ್ನು ತವರೂರಿನಿಂದ ಕರೆಯುತ್ತಾರೆ. ಗಂಗಾವತಿಯಲ್ಲಿ ಅರವತ್ತು ವರ್ಷ ಬಾಳಿದರೂ ಫುಪ್ಪು ಇಂದಿಗೂ 'ಕೊಪ್ಪಳವಾಲಿ'. ಅವರ ಅಮ್ಮಿ, ಅಂದರೆ ನಮ್ಮ ದಾದಿ, ಯಲಬುರ್ಗಾವಾಲಿ. ದಾದಿಯ ಅತ್ತೆ ಕುಷ್ಟಗಿವಾಲಿ. ಅವರ ಅತ್ತೆ ಗಂಗಾವತಿವಾಲಿ. ನಾವು ಪೆನ್ಸಿಲಿನಲ್ಲಿ ಒಂದೊಂದೇ ಗಂಡಸಿನ ಪಕ್ಕಕ್ಕೆ ಬರೆಯುತ್ತ ಹೋದೆವು. ಎಲ್ಲರೂ ಎತ್ತಿನ ಬಂಡಿಯಲ್ಲಿ ಬಂದು ಸೇರುವಷ್ಟು ದೂರದವರು. ಇನ್ನೂ ಮೇಲೆ ಯಾರಾದರೂ ನೆನಪಿದ್ದಾರೆಯೇ ಎಂದು ಕೇಳಿದೆವು.

ಫುಪ್ಪು ಕಣ್ಣು ಮುಚ್ಚಿಕೊಂಡರು. "ಏಕ್ ಥಿ. ಆದವಾನಿವಾಲಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: "ಕಂಜಿ ಆಂಖಾಂ ಉಸೀಚ್ ಕೆ, ಕತೆ." ಈ ಬೆಕ್ಕಿನ ಕಣ್ಣು ಅವಳದೇ ಅಂತೆ.

ನಮ್ಮ ಪೆನ್ಸಿಲು ನಿಂತಿತು. ಆದವಾನಿ, ಈಗಿನ ಆಂಧ್ರದ ಅದೋನಿ, ನಿಜಾಮ್ ಅಲಿಯ ತಮ್ಮ ಬಸಾಲತ್ ಜಂಗನ ರಾಜಧಾನಿ. ಅವನ ಬಳಿ ಲಾಲಿ ಎಂಬವನ ಕೈಕೆಳಗೆ ಒಂದು ಫ್ರೆಂಚ್ ಪಡೆಯಿತ್ತು. 1779ರಲ್ಲಿ ಇಂಗ್ಲಿಷರು ಒತ್ತಾಯ ಮಾಡಿ ಅದನ್ನು ಬಿಡಿಸಿದರು, ಲಾಲಿ ಮುಂದೆ ಹೈದರಾಲಿಯ ಸೇವೆಗೆ ಹೋದ. ಪಡೆ ಹೋಗುತ್ತದೆ, ಪಡೆಯವರ ಹೆಂಡಿರು ಮಕ್ಕಳೆಲ್ಲ ಹೋಗುತ್ತಾರೆಂದೇನಿಲ್ಲ. 1786ರಲ್ಲಿ ಟಿಪ್ಪು ಆದವಾನಿಯನ್ನು ಗೆದ್ದರು, ಕೊಪ್ಪಳದ ಕೋಟೆ ಕೈಗೆ ಬಂದ ಅದೇ ವರ್ಷ. ಲೆಕ್ಕ ಹಾಕಿದರೆ ನಮ್ಮ ಆದವಾನಿವಾಲಿ ಅಷ್ಟು ಹಿಂದಿನವಳಲ್ಲ, 1840ರ ಆಸುಪಾಸಿನಲ್ಲಿ ಹುಟ್ಟಿರಬೇಕು. ಆದರೆ ಅವಳ ನಾನಿ ಆ ಪಡೆಯನ್ನು ಕಣ್ಣಾರೆ ಕಂಡಿರಬಹುದು.

ಗಂಡಸರ ಸಾಲಿನ ತುದಿಯಲ್ಲಿ ದಾದಾ ಅಷ್ಟು ಗೌರವದಿಂದ ಕೂರಿಸಿದ ಫರಂಗಿ ಸಾಹಬ್ ಬರೀ ತೋಪಿನ ಶಬ್ದದಿಂದ ಎದ್ದವನಿರಬೇಕು. ನಿಜವಾದ ಫ್ರೆಂಚರಿದ್ದ ಊರಿನಿಂದ ಬಂದವಳು ಮಾತ್ರ ಶಜರಾದಲ್ಲೇ ಇರಲಿಲ್ಲ. ಇದನ್ನು ಫುಪ್ಪುವಿಗೆ ವಿವರಿಸಿ ಹೇಳಿದೆವು. ಅವರು ಪಟ್ಟಾಗಿ ಕೂತು ಕೇಳಿದರು. ನಾವು ನಾಲ್ಕನೆಯ ತಲೆಮಾರಿನ ಪಕ್ಕದಲ್ಲಿ 'ಆದವಾನಿವಾಲಿ' ಎಂದು ಬರೆದಾಗ, "ಪೆನ್ಸಿಲ್ ಬೇಡ, ಶಾಹಿಯಿಂದ ಬರಿ" ಎಂದರು.

ಕೊಪ್ಪಳದಿಂದ ಅದೋನಿಗೆ ಬಳ್ಳಾರಿಯ ಮೇಲೆ ದಾರಿ. ಅಲ್ಲಿ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ ಇದೆ, ಹಳೆಯ ಖಬರಸ್ತಾನಗಳಿವೆ, ಹಳೆಯ ಮನೆತನಗಳಿವೆ. ಬೆಕ್ಕಿನ ಕಣ್ಣಿನ ಮಕ್ಕಳು ಅಲ್ಲಿಯೂ ಹುಟ್ಟುತ್ತಾರೆಯೇ ಎಂದು ನೋಡಬೇಕೆಂಬುದು ಫುಪ್ಪುವಿನ ಆಸೆ. ಬಿಸಿಲು ಇಳಿಯಲಿ ಎಂದಿದ್ದಾರೆ. ಮುಂದಿನ ಸೀಟಾದರೆ ತಾವೂ ಬರುತ್ತಾರಂತೆ.